ಪೊರಕೆ ಕರಗಿದ ವರ್ಷ

ಆ ಸೈಕಲ್ ಪ್ರವಾಸದಲ್ಲಿ ಎಲ್ಲರಿಗಿಂತ ಹಿಂದೆ ಬರುತ್ತಿದ್ದವನಿಗೆ ಪೊರಕೆ ಎಂದು ಹೆಸರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹೆಂಡತಿಗೆ ಅವನು ‘ರೀ’, ಮಿಕ್ಕವರಿಗೆಲ್ಲ ಪೊರಕೆ. ಅದನ್ನು ಅವನು ಬೈಗುಳ ಅಂದುಕೊಂಡಿರಲಿಲ್ಲ, ಬಿರುದು ಅಂದುಕೊಂಡಿದ್ದ.

ಪ್ರವಾಸ ಒಂದು ವಾರದ್ದು. ನದಿ ದಡದ ಊರಿನಲ್ಲಿ ಶುರುವಾಗಿ, ಕಣಿವೆಯುದ್ದಕ್ಕೂ ನೀರಿನ ಪಕ್ಕದಲ್ಲೇ ಸಾಗಿ, ಹಳೆಯ ಕಲ್ಲುಸೇತುವೆ, ಪಾಳುಬಿದ್ದ ನೀರಿನ ಗಿರಣಿ, ಯಾವುದೋ ಕಾಲದ ಯುದ್ಧದಲ್ಲಿ ಸತ್ತ ಸೈನಿಕರ ಸಮಾಧಿಗಳನ್ನು ದಾಟಿ, ಎರಡು ಕಾಡುಗಳನ್ನು ಹೊಕ್ಕು ಹೊರಬಿದ್ದು, ಕಡೆಗೆ ಗುಡ್ಡದ ಮೇಲಿನ ಕೋಟೆಯಲ್ಲಿ ಮುಗಿಯುತ್ತಿತ್ತು. ಕೋಟೆಯ ಬಾಗಿಲು ದಾಟಿದ ತಕ್ಷಣ ಒಂದು ಹಳೇ ಗಂಟೆ ತೂಗುಹಾಕಿತ್ತು. ಇಡೀ ದಾರಿಯನ್ನು ತುಳಿದೇ ಬಂದವರು ಮಾತ್ರ ಅದನ್ನು ಬಾರಿಸಬೇಕು. ಹೊತ್ತು ಮುಳುಗಿದರೆ ಕಾವಲುಗಾರ ಬಾಗಿಲು ಹಾಕಿಬಿಡುತ್ತಿದ್ದ. ಯಾರು ಬಂದರು, ಯಾರು ಬರುವುದು ಬಾಕಿ ಎಂಬ ಉಸಾಬರಿ ಅವನಿಗಿರಲಿಲ್ಲ.

ಸವಾರರ ಮುಂದೆ ದಾರಿ ತೋರಿಸುವವನು, ನಗುನಗುತ್ತಾ ಇತಿಹಾಸ ಹೇಳುತ್ತಾ ಹೋಗುತ್ತಿದ್ದ. ಹಿಂದೆ ಪೊರಕೆ. ಅವನ ಹಿಂದೆ ಯಾರೂ ಉಳಿಯಬಾರದು, ಎಲ್ಲರಿಗಿಂತ ಕಡೆಯ ಸವಾರ ಅವನ ಕಣ್ಣಳತೆ ಬಿಟ್ಟು ಹೋಗಬಾರದು. ಇವರು ಇನ್ನು ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ ಎಂದು ಅವನಿಗೆ ಅನ್ನಿಸಿತೋ, ಪಕ್ಕಕ್ಕೆ ಬಂದು ‘ಇಳೀರಿ’ ಅನ್ನುತ್ತಿದ್ದ. ಸವಾರನ ಹ್ಯಾಂಡಲಿಗೆ ಗುರುತಿಗೆಂದು ಕಟ್ಟಿದ ಹಳದಿ ಕರವಸ್ತ್ರವನ್ನು ಬಿಚ್ಚಿ ತನ್ನ ಚೀಲಕ್ಕೆ ತುರುಕುತ್ತಿದ್ದ. ಹಿಂದಿನಿಂದ ನಿಧಾನವಾಗಿ ಬರುವ ವ್ಯಾನಿನ ತಲೆಯ ಮೇಲೆ ಸೈಕಲ್, ಹೊಟ್ಟೆಯೊಳಗೆ ಸವಾರ. ವ್ಯಾನ್ ಓಡಿಸುತ್ತಿದ್ದವಳು ಪೊರಕೆಯ ಹೆಂಡತಿ. ಆಮೇಲೆ ಪೊರಕೆ ಜೋರಾಗಿ ತುಳಿದು, ಈಗ ಕಡೆಯವನಾಗಿ ಉಳಿದ ಸವಾರನ ಬೆನ್ನು ಹಿಡಿಯಬೇಕು. ಹೀಗೆ ಗುಡಿಸಿಕೊಂಡು ಹೋಗುವುದಕ್ಕೇ ಆ ಹೆಸರು ಬಂದದ್ದು.

ಇಂಥ ಕೆಲಸವನ್ನು ಮನಸ್ಸಿಲ್ಲದೆ ಮಾಡುವವರಿದ್ದಾರೆ, ನಿಯಮ ಅಲ್ಲವೇ ಎಂದು ಮಾಡುವವರಿದ್ದಾರೆ. ಪೊರಕೆ ಬಾಯಿ ಚಪ್ಪರಿಸಿಕೊಂಡು ಮಾಡುತ್ತಿದ್ದ. ತಾನು ಬರುವುದು ಯಾರಿಗೂ ಗೊತ್ತಾಗಬಾರದೆಂದು ಚೈನಿಗೆ ಎಣ್ಣೆ ಬಿಟ್ಟೂ ಬಿಟ್ಟೂ ಸದ್ದಡಗಿಸಿದ್ದ. ಏದುಸಿರು ಬಿಡುತ್ತಾ ಏರು ಹತ್ತುತ್ತಿದ್ದವರ ಕಿವಿಯ ಹತ್ತಿರಕ್ಕೆ ಬಂದು ಒಮ್ಮೆ ಕೆಮ್ಮುತ್ತಿದ್ದ. ಬೆಚ್ಚಿಬಿದ್ದು ಸೈಕಲ್ ಸಮೇತ ಪೊದೆಗೆ ನುಗ್ಗಿದವರೂ ಉಂಟು. ಒಬ್ಬ ಬ್ಯಾಂಕಿನವನು ಗಿರಣಿಯ ಏರಿನಲ್ಲಿ, ಇನ್ನೊಂದೇ ತಿರುವು, ದಮ್ಮಯ್ಯ ಅಂತ ಕೈಮುಗಿದಿದ್ದ. ಕೈ ಮುಗಿಯೋಕೆ ಶಕ್ತಿ ಇದೆ, ಕಾಲು ಆಡಿಸೋಕೆ ಇಲ್ವಾ ಎಂದು ಕೇಳಿ ಪೊರಕೆ ಅವನನ್ನು ಇಳಿಸಿದ್ದ. ಸಂಜೆ ಊಟದ ಮೇಜಿನಲ್ಲಿ ಅವತ್ತು ಸೋತವರನ್ನು ಒಬ್ಬೊಬ್ಬರಾಗಿ ಅಣಕಿಸುವುದು ನಡೆಯುತ್ತಿತ್ತು. ಅಳು, ಕೆಮ್ಮು, ಕುಂಟು, ಏನನ್ನೂ ಬಿಡುತ್ತಿರಲಿಲ್ಲ. ಅಡುಗೆಯವನು, ದಾರಿ ತೋರಿಸುವವನು, ಸೈಕಲ್ ರಿಪೇರಿ ಮಾಡುವ ಪೊರಕೆಯ ಬಾಮೈದ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಹೆಂಡತಿ ಮಾತ್ರ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು. ಆ ಅಳುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ದಾರಿಯುದ್ದಕ್ಕೂ ಬಂದವಳು ಅವಳು.

ಬಿಚ್ಚಿಕೊಂಡ ಕರವಸ್ತ್ರಗಳು ಮನೆ ಸೇರುತ್ತಿದ್ದವು. ಒಲೆ ಒರೆಸುವುದಕ್ಕೆ, ಬಿಸಿ ಪಾತ್ರೆ ಇಳಿಸುವುದಕ್ಕೆ, ಚೆಲ್ಲಿದ ಹಾಲಿಗೆ ಅವೇ. ಸಗಟು ಬಟ್ಟೆಯನ್ನು ಅಂಚು ಹೊಲಿಯದೆ ಕತ್ತರಿಸಿದ್ದರಿಂದ ನಾಲ್ಕು ಸಲ ಒಗೆದರೆ ನೂಲು ಬಿಡುತ್ತಿದ್ದವು. ಒಂದೇ ಒಂದು ಬಾಳಿಕೆ ಬಂದಿತ್ತು. ಯಾರೋ ಅದರ ನಾಲ್ಕೂ ಅಂಚನ್ನು ಮಡಿಸಿ ಸಣ್ಣ ಸಣ್ಣ ಹೊಲಿಗೆ ಹಾಕಿದ್ದರು. ಹೆಂಡತಿ ಅದನ್ನು ಒಲೆಯ ಪಕ್ಕದ ಮೊಳೆಗೆ ಸಿಕ್ಕಿಸಿಕೊಂಡಿದ್ದಳು, ಬಿಸಿ ಪಾತ್ರೆ ಹಿಡಿಯಲು ಅದಕ್ಕಿಂತ ಒಳ್ಳೆಯದು ಮನೆಯಲ್ಲಿರಲಿಲ್ಲ.

ಹೀಗೆ ಊರವರ ಕಾಲು ನೋಡಿ ನಗುತ್ತಿದ್ದ ಪೊರಕೆಗೆ ಒಂದು ವರ್ಷ ತನ್ನದೇ ಬಲ ಮೊಣಕಾಲು ಕೈಕೊಟ್ಟಿತು. ಮೊದಮೊದಲು ಚಳಿ ಅಂದ, ಆಮೇಲೆ ಹಳೇ ಪೆಟ್ಟು ಅಂದ. ಏರಿನಲ್ಲಿ ಒತ್ತಿ ತುಳಿದರೆ ಚಿಪ್ಪಿನೊಳಗೆ ಮರಳು ಅರೆದ ಹಾಗಾಗುತ್ತಿತ್ತು. ನಿಧಾನವಾಗಿ ಹೋದರೆ ಸರಿ, ವೇಗ ಮಾತ್ರ ಸಾಧ್ಯವೇ ಇರಲಿಲ್ಲ. ಒಬ್ಬರನ್ನು ಇಳಿಸಿ ಮುಂದಿನವರನ್ನು ಹಿಡಿಯಲು ಹೊರಟರೆ ದಾರಿಯಲ್ಲೇ ನಿಂತು ಕಾಲು ನೀವಿಕೊಳ್ಳಬೇಕಾಗುತ್ತಿತ್ತು. ಇದು ಪ್ರವಾಸ ನಡೆಸುವ ಯಜಮಾನನ ಕಣ್ಣಿಗೆ ಬಿತ್ತು. ದಪ್ಪ ಮೀಸೆಯ ಆ ಮನುಷ್ಯ ಕಾರಿನಲ್ಲಿ ಮುಂಚೆಯೇ ಹೋಗಿ ಪ್ರತಿ ತಂಗುದಾಣದ ಬಾಗಿಲಲ್ಲಿ ನಿಂತು, ಯಾರು ಯಾರ ಹಿಂದೆ ಬಂದರು ಎಂದು ನೋಡುವವನು. ಋತುವಿನ ಕೊನೆಯ ಪ್ರವಾಸ ಹೊರಡುವ ಮುನ್ನಾದಿನ ಪೊರಕೆಯನ್ನು ಆಫೀಸಿಗೆ ಕರೆಸಿ ಬಾಗಿಲು ಮುಂದೆ ಮಾಡಿದ.

“ಈ ಸಲ ನೀನು ವ್ಯಾನ್ ಹತ್ತಿದ್ರೆ, ಇಲ್ಲ ಕಡೇ ಸವಾರನ ಹಿಂದೆ ನೀನು ಕಾಣದೆ ಹೋದ್ರೆ, ಮುಂದಿನ ವರ್ಷದಿಂದ ತೊಳೆಯೋ ಶೆಡ್ಡಿಗೆ ಹೋಗು. ನಿನ್ನ ಜಾಗಕ್ಕೆ ನಿನ್ನ ಬಾಮೈದ ಬರ್ತಾನೆ. ಮನಸ್ಸಿಗೆ ಹಚ್ಕೋಬೇಡ.”

ತೊಳೆಯುವ ಶೆಡ್ಡು ಎಂದರೆ ಹಿತ್ತಲಿನ ತಗಡಿನ ಚಪ್ಪರ. ಕೆಸರು ಮೆತ್ತಿದ ಸೈಕಲ್ಲುಗಳು, ಪೈಪು, ಒಂದು ಮುಕ್ಕಾಲಿ. ಕೆಲಸ ಕಷ್ಟದ್ದೇನಲ್ಲ, ಸಂಬಳವೂ ಈಗಿನಷ್ಟೇ. ಆದರೆ ಅದೇ ಕೆಲಸದವರು ಸಂಜೆ ಅದೇ ಮೇಜಿನ ಸುತ್ತ ಕೂತು ತನ್ನ ಕುಂಟನ್ನು ಅಣಕಿಸುತ್ತಾರೆ ಎನ್ನುವುದು ಪೊರಕೆಗೆ ಚೆನ್ನಾಗಿ ಗೊತ್ತಿತ್ತು. ಆ ವಿದ್ಯೆ ಅವರಿಗೆ ಕಲಿಸಿದ್ದೇ ಅವನು. ಅವತ್ತು ಮನೆಯಲ್ಲಿ ಅವನು ಅರ್ಧ ಊಟಕ್ಕೇ ಎದ್ದುಬಿಟ್ಟ. ಹೆಂಡತಿ ಎಣ್ಣೆ ಕಾಯಿಸಿ ಮೊಣಕಾಲಿಗೆ ತಿಕ್ಕಿ, ಶೆಡ್ಡಾದರೆ ನೆರಳಲ್ಲಾದರೂ ಇರ್ತೀರಿ ಎಂದಳು. ತನ್ನ ತಮ್ಮನ ಪರವಾಗಿಯೇ ಹೀಗೆ ಹೇಳುತ್ತಾಳೆ ಎಂದು ಅವನು ಕಾಲು ಕಿತ್ತುಕೊಂಡ.

ಮರುದಿನ ಸವಾರರಲ್ಲಿ ಒಬ್ಬ ಮುದುಕಿ ಇದ್ದಳು. ಹೊಲಿಗೆ ಅಂಗಡಿ ನಡೆಸಿ ಮುದುಕಿಯಾದವಳು, ಎಲ್ಲರೂ ಟೈಲರಮ್ಮ ಅಂದರು. ಗಂಡಸರ ಸೈಕಲ್, ಅದರ ಸೀಟನ್ನು ಅವಳ ಎತ್ತರಕ್ಕೆ ಇಳಿಸಿಕೊಂಡಿದ್ದಳು. ಊರು ದಾಟುವ ಮೊದಲೇ ಎಲ್ಲರಿಗಿಂತ ಹಿಂದೆ ಬಿದ್ದಳು. ಬಾಮೈದ ಪೊರಕೆಯ ಕಡೆ ಕಣ್ಣು ಮಿಟುಕಿಸಿದ, ಸಂಜೆಯೊಳಗೆ ವ್ಯಾನಿಗೆ ಎನ್ನುವ ಹಾಗೆ.

ಪೊರಕೆ ಅವಳ ಬೆನ್ನ ಹಿಂದೆ ಸ್ವಲ್ಪ ದೂರ ಹೋಗಿ ನೋಡಿದ. ಅವಳು ನಿಧಾನ, ಆದರೆ ನಿಲ್ಲುತ್ತಿರಲಿಲ್ಲ. ಹೊಲಿಗೆ ಯಂತ್ರ ತುಳಿದ ಕಾಲು, ಏರಿರಲಿ ಇಳಿಜಾರಿರಲಿ ಒಂದೇ ಸಮನೆ ಆಡುತ್ತಿತ್ತು. ಆ ವೇಗಕ್ಕೆ ಅವನ ಮೊಣಕಾಲು ಚಕಾರ ಎತ್ತುತ್ತಿರಲಿಲ್ಲ. ಆಗ ಅವನಿಗೆ ಜ್ಞಾನೋದಯವಾಯಿತು. ಇವಳನ್ನು ಇಳಿಸಿದರೆ ಮುಂದಿನವರನ್ನು ಹಿಡಿಯಲು ಓಡಬೇಕು. ಇವಳು ಕಡೆಯವಳಾಗಿ ಉಳಿದಷ್ಟು ದಿನ ತಾನು ಪೊರಕೆಯಾಗಿ ಉಳಿಯುತ್ತೇನೆ.

ಅವತ್ತಿನಿಂದ ಅವನ ಬಾಯಲ್ಲಿ ಬೆಣ್ಣೆ ಕರಗತೊಡಗಿತು. ಅಮ್ಮ, ನೀರು ಕುಡೀರಿ. ಅಮ್ಮ, ಎಡಕ್ಕೆ ಕಲ್ಲಿದೆ. ಸೇತುವೆಯ ಮೇಲೆ ಅವಳಿಗೆ ತಲೆ ಸುತ್ತಿ ಬಂದಾಗ ಸೈಕಲ್ ಹಿಡಿದುಕೊಂಡು, ಹೊತ್ತಿದೆ ಬಿಡಿ, ನಾನಿದ್ದೀನಲ್ಲ ಎಂದ. ಬೇರೆ ಯಾರಾದರೂ ಆಗಿದ್ದರೆ ಅದಕ್ಕಿಂತ ಕಡಿಮೆ ತಪ್ಪಿಗೇ ಅವನು ಗುಡಿಸಿಹಾಕುತ್ತಿದ್ದ. ಕೆಲಸದವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಪೊರಕೆ ಕರಗಿಬಿಟ್ಟ ಕಣ್ರೋ, ವಯಸ್ಸಾಯ್ತು, ಎಂದು ಅಡುಗೆಯವನು ಸಾರಿದ. ಸಂಜೆಯ ಅಣಕ ನಿಂತುಹೋಗಿ ಮೇಜು ಸಪ್ಪೆಯಾಯಿತು. ಯಜಮಾನ ಪ್ರತಿದಿನ ತಂಗುದಾಣದ ಬಾಗಿಲಲ್ಲಿ ನಿಂತು, ಕಡೆಯವಳ ಹಿಂದೆಯೇ ಪೊರಕೆ ಬರುವುದನ್ನು ನೋಡಿ ತಲೆಯಾಡಿಸಿ ಒಳಗೆ ಹೋಗುತ್ತಿದ್ದ. ಹೆಂಡತಿಗೆ ಮಾತ್ರ ಗಂಡನ ನಾಲಿಗೆಗೆ ಈ ಸಕ್ಕರೆ ಎಲ್ಲಿಂದ ಬಂತು ಎಂದು ಅನುಮಾನ. ಆದರೂ ಖುಷಿಯಾಗಿದ್ದಳು, ಪಾಪದವಳು.

ಸೈನಿಕರ ಸಮಾಧಿಗಳ ಹತ್ತಿರ ಟೈಲರಮ್ಮ ಒಂದು ಕಲ್ಲಿನ ಮೇಲೆ ಕೂತು ತನ್ನ ಕಥೆ ಹೇಳಿದಳು. ಎರಡು ವರ್ಷದ ಹಿಂದೆ ಅವಳ ಗಂಡ ಇದೇ ಪ್ರವಾಸಕ್ಕೆ ಬಂದಿದ್ದ, ಚಿತ್ರ ಕಲಿಸುವ ಮೇಷ್ಟ್ರು. ಕೋಟೆಯ ಕಡೆಯ ಏರಿನಲ್ಲಿ ವ್ಯಾನ್ ಹತ್ತಬೇಕಾಯಿತಂತೆ. ಗಂಟೆ ಬಾರಿಸಲಿಲ್ಲ, ಮುಂದಿನ ವರ್ಷ ಬಾರಿಸ್ತೀನಿ ಎನ್ನುತ್ತಿದ್ದವರು ಆ ಚಳಿಗಾಲದಲ್ಲೇ ಹೋದರು. ಇದು ಅವರ ಸೈಕಲ್. ಗಂಟೆ ಬಾರಿಸಿ ಹೋಗಿ ಮನೆಯಲ್ಲಿ ಅವರ ಫೋಟೋ ಮುಂದೆ ನಿಂತು ಆಯ್ತು ಕಣ್ರಿ ಅಂತ ಹೇಳಬೇಕು, ಅಷ್ಟೇ ತನ್ನ ಆಸೆ ಎಂದಳು.

ಪೊರಕೆಗೆ ಆ ಮೇಷ್ಟ್ರು ಮೊದಲು ನೆನಪೇ ಆಗಲಿಲ್ಲ. ಆಮೇಲೆ ಆಯಿತು, ಅದೂ ತನ್ನ ಅಣಕದಿಂದಲೇ. ಏರು ಹತ್ತುವಾಗ ಮೂಗಿನಲ್ಲಿ ಸೀಟಿ ಊದಿದ ಹಾಗೆ ಉಸಿರು ಬಿಡುತ್ತಿದ್ದ ಮುದುಕ. ಅವತ್ತು ಹೊತ್ತು ಇನ್ನೂ ಇತ್ತು, ಬಾಗಿಲೂ ತೆರೆದಿತ್ತು. ಪೊರಕೆಗೆ ಹಸಿವಾಗಿತ್ತು, ಅದಕ್ಕೇ ಇಳಿಸಿದ್ದ. ಆ ಸಂಜೆ ಸೂಪಿನ ಬಟ್ಟಲ ಮೇಲೆ ಅವನು ಊದಿದ ಸೀಟಿಗೆ ಮೇಜಿಗೆ ಮೇಜೇ ಕುಣಿದಿತ್ತು.

“ಅವರ ಹಳದಿ ಕರವಸ್ತ್ರ ನಿಮ್ಮ ಹತ್ರ ಏನಾದ್ರೂ ಉಳಿದಿದ್ಯೇನಪ್ಪಾ?” ಎಂದು ಟೈಲರಮ್ಮ ಕೇಳಿದಳು.

ಪೊರಕೆ ಕ್ಷಣವೂ ತಡವರಿಸಲಿಲ್ಲ. ಜೋಪಾನವಾಗಿ ಇಟ್ಟಿದ್ದೀನಿ ಎಂದು ತನ್ನ ಚೀಲದ ತಳಕ್ಕೆ ಕೈಹಾಕಿದ. ಹೋದ ತಿಂಗಳು ಯಾರಿಂದಲೋ ಬಿಚ್ಚಿಕೊಂಡಿದ್ದ ಒಂದನ್ನು ತೆಗೆದು, ಕೊಡವಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಮುದುಕಿ ಅದನ್ನು ಬಿಡಿಸಿ, ಅಂಚಿನ ಮೇಲೆ ಬೆರಳಾಡಿಸಿದಳು. ಅವನ ಮುಖ ನೋಡಿದಳು. ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಅದನ್ನು ತನ್ನದರ ಪಕ್ಕದಲ್ಲೇ ಹ್ಯಾಂಡಲಿಗೆ ಕಟ್ಟಿಕೊಂಡಳು. ಇನ್ನು ಇವಳು ತನ್ನ ಮಾತು ಮೀರುವುದಿಲ್ಲ ಎಂದು ಪೊರಕೆಗೆ ಸಮಾಧಾನವಾಯಿತು.

ಕಡೆಯ ದಿನ ನದಿ ಬಿಟ್ಟು ಕಾಡಿನೊಳಗಿಂದ ಕೋಟೆಗೆ ಏರುವ ದಾರಿ. ಅಲ್ಲಿ ಪೊರಕೆಯ ಲೆಕ್ಕ ತಲೆಕೆಳಗಾಯಿತು. ವಾರವಿಡೀ ತುಳಿದು ಟೈಲರಮ್ಮನ ಕಾಲು ಪಳಗಿತ್ತು. ಯಾವ ಏರಿಗೆ ಎಲ್ಲರೂ ಹೆದರುತ್ತಿದ್ದರೋ ಆ ಏರಿನಲ್ಲಿ ಅವಳು ಅದೇ ಹೊಲಿಗೆ ಯಂತ್ರದ ಲಯದಲ್ಲಿ, ಟಕಟಕ ಅಂತ, ಮೇಲೆ ಮೇಲೆ ಹೋದಳು. ಪೊರಕೆಯ ಮೊಣಕಾಲು ಅರೆಯತೊಡಗಿತು. ಅವಳ ಬೆನ್ನು ಮರಗಳ ನಡುವೆ ಒಮ್ಮೆ ಕಂಡಿತು, ಒಮ್ಮೆ ಮರೆಯಾಯಿತು. ಉಳಿದ ಸವಾರರೆಲ್ಲ ಆಗಲೇ ಕೋಟೆ ಸೇರಿದ್ದರು, ಗಂಟೆಯ ಸದ್ದು ಮೇಲಿನಿಂದ ಕೇಳುತ್ತಿತ್ತು. ಇವಳೂ ಹೋಗಿ ಗಂಟೆ ಬಾರಿಸಿದರೆ ಯಜಮಾನ ಏನು ಕೇಳುತ್ತಾನೆ? ಪೊರಕೆ ಎಲ್ಲಿ ಅಂತ ಕೇಳುತ್ತಾನೆ. ಕೇಳಿ ಕಾಯುತ್ತಾನೆ, ಕಾಯುತ್ತಾ ಎಲ್ಲರೂ ಬಾಗಿಲಿಗೆ ಬಂದು ನಿಲ್ಲುತ್ತಾರೆ. ತಾನು ಕುಂಟಿಕೊಂಡು ಬರುವುದನ್ನು ಇಡೀ ತಂಡ ಸಾಲಾಗಿ ನಿಂತು ನೋಡುತ್ತದೆ.

ಅವಳು ವ್ಯಾನ್ ಹತ್ತಿದರೆ ಮಾತ್ರ ಇವನು ಬಚಾವು. ಆಮೇಲೆ ಹಿಡಿಯಲು ಮುಂದೆ ಬೇರೆ ಸವಾರರಿಲ್ಲ, ತಾನು ಎಷ್ಟು ಹೊತ್ತಿಗೆ ಹೋದರೂ ಕೇಳುವವರಿಲ್ಲ. ಪೊರಕೆ ಗಂಟಲು ಹರಿಯುವಂತೆ ಕೂಗಿದ. ಅಮ್ಮಾ, ನಿಲ್ಲಿ, ಇಲ್ಲಿ ಒಳ್ಳೇ ನೀರಿದೆ.

ಅವಳು ನಿಂತಳು. ವ್ಯಾನ್ ಇನ್ನೂ ಕೆಳಗಿನ ತಿರುವಿನಲ್ಲಿತ್ತು. ಬಂಡೆಯ ಸಂದಿನಿಂದ ತೊಟ್ಟಿಕ್ಕುವ ನೀರನ್ನು ಬಾಟಲಿಗೆ ಹಿಡಿಯಲು ಅವಳು ಆಚೆ ಹೋದಾಗ, ಪೊರಕೆ ಮರಕ್ಕೆ ಒರಗಿಸಿದ್ದ ಮೇಷ್ಟ್ರ ಸೈಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತ. ಹಿಂದಿನ ಬ್ರೇಕಿನ ತಿರುಪನ್ನು ಬೆರಳಲ್ಲೇ ಬಿಗಿಮಾಡಿದ. ರಬ್ಬರು ಚಕ್ರಕ್ಕೆ ತಾಗಿ ಕೂತಿತು, ಸದ್ದು ಬಾರದಷ್ಟು, ಚಕ್ರ ಪೂರ್ತಿ ನಿಲ್ಲದಷ್ಟು. ಇಷ್ಟು ವರ್ಷದಲ್ಲಿ ಸಾವಿರ ಸೈಕಲ್ಲಿನ ತಿರುಪು ಮುಟ್ಟಿದ ಕೈ, ಅಳತೆ ತಪ್ಪಲಿಲ್ಲ. ಅವಳು ಬಂದಾಗ ಅವನು ಮೊಣಕಾಲು ನೀವಿಕೊಳ್ಳುತ್ತಿದ್ದ. ಪಾಪ, ನೋವಾ ಎಂದು ಕೇಳಿ ಅವಳು ತನ್ನ ಬಾಟಲಿಯನ್ನೇ ಅವನಿಗೆ ಮೊದಲು ಕೊಟ್ಟಳು. ಅವನು ಕುಡಿದ.

ಆಮೇಲೆ ಅವಳಿಗೆ ಏರು ಏರಾಗಿಯೇ ಕಂಡಿತು. ಎರಡು ತಿರುವು ಹತ್ತುವುದರಲ್ಲಿ ಮುಖ ಕೆಂಪಾಗಿ, ಸೆರಗು ಬೆವರಿನಲ್ಲಿ ತೊಯ್ದು ಹೋಯಿತು. ಗಂಡನ ಹಾಗೆಯೇ ಅವಳ ಉಸಿರಿಗೂ ಸೀಟಿ ಹತ್ತಿತು. ಸೈಕಲ್ಲಿಗೇನಾದರೂ ಆಗಿದೆಯಾ ನೋಡಪ್ಪ ಎಂದಳು. ಪೊರಕೆ ಬಗ್ಗಿ, ಚಕ್ರದ ಕಡೆ ನೋಡಿ, ಚೈನು ಮುಟ್ಟಿ, ಏನೂ ಆಗಿಲ್ಲ ಎಂದ.

“ಬೆಳಿಗ್ಗೆ ಚೆನ್ನಾಗೇ ಇದ್ದೆ. ಈಗ ಕಾಲೇ ಸತ್ತೋದ ಹಾಗಿದೆ.”

“ವಯಸ್ಸಮ್ಮ. ಅವಸರ ಯಾಕೆ, ನಿಧಾನಕ್ಕೆ ಬನ್ನಿ. ಕಾವಲುಗಾರ ನನ್ನ ಗೆಳೆಯ, ನಾನು ಬರೋ ತನಕ ಬಾಗಿಲು ಹಾಕಲ್ಲ.”

ಕಾವಲುಗಾರನ ಜೊತೆ ಅವನು ಒಂದು ಬೀಡಿ ಹಂಚಿಕೊಂಡವನೂ ಅಲ್ಲ. ಮುದುಕಿ ನಂಬಿದಳು. ನಂಬಿ, ಇಳಿದು, ಸೈಕಲ್ ತಳ್ಳಿದಳು, ಮತ್ತೆ ಹತ್ತಿದಳು, ಮತ್ತೆ ಇಳಿದಳು. ಕಡೆಯ ತಿರುವಿಗೆ ಬಂದಾಗ ಮರಗಳ ಮೇಲೆ ಕೋಟೆಯ ಗೋಡೆ ಕಾಣುತ್ತಿತ್ತು. ಅಷ್ಟರಲ್ಲಿ ಮರದ ಎರಡು ದೊಡ್ಡ ಕದಗಳು ಒಂದಕ್ಕೊಂದು ಬಡಿದು ಕೂಡಿದ ಸದ್ದು ಕೇಳಿತು, ಆಮೇಲೆ ಅಗುಳಿಯ ಸದ್ದು. ಅವಳು ನಿಂತಲ್ಲೇ ನಿಂತಳು. ಅವನ ಕಡೆ ತಿರುಗಿ, ತಾನೇ ಹ್ಯಾಂಡಲಿನ ಗಂಟಿಗೆ ಕೈಹಾಕಿದಳು. ಬಿಗಿದು ಕೂತಿದ್ದ ಗಂಟು ಬಿಚ್ಚಲು ಹೊತ್ತು ಹಿಡಿಯಿತು. ಎರಡೂ ಕರವಸ್ತ್ರವನ್ನು ಬಿಚ್ಚಿ ಒಟ್ಟಿಗೆ ಮಡಿಸಿ ಅವನಿಗೆ ಕೊಟ್ಟಳು.

“ಎರಡೂ ಜೊತೇಲಿ ಇಟ್ಕೋಪ್ಪ. ನೀನು ನನಗೋಸ್ಕರ ಇಷ್ಟು ಒದ್ದಾಡಿದೆ. ನನ್ನ ಕೈಲೇ ಆಗಲಿಲ್ಲ.”

ಹೆಂಡತಿ ವ್ಯಾನ್ ನಿಲ್ಲಿಸಿ ಇಳಿದು ಬಂದು, ಸೈಕಲ್ಲನ್ನು ಎತ್ತಲು ಸೀಟು ಹಿಡಿದಳು. ಹಿಂದಿನ ಚಕ್ರ ನೆಲ ಬಿಟ್ಟಿತು, ತಿರುಗಲಿಲ್ಲ. ಅಂಗೈಯಿಂದ ಒಮ್ಮೆ ತಳ್ಳಿದಳು, ಅರ್ಧ ಸುತ್ತು ಬಂದು ನಿಂತಿತು. ಅವಳು ಬ್ರೇಕು ನೋಡಿದಳು, ಗಂಡನನ್ನು ನೋಡಿದಳು. ಪೊರಕೆ ಯಾವುದೋ ಹಕ್ಕಿಯನ್ನು ಹುಡುಕುವವನ ಹಾಗೆ ಮರ ನೋಡುತ್ತಿದ್ದ. ವ್ಯಾನು ಹೊರಟುಹೋದ ಮೇಲೆ ಅವನು ಸೈಕಲ್ ಹಿಡಿದು ಕುಂಟಿಕೊಂಡು ನಡೆದ, ಗೋಡೆಯ ಹತ್ತಿರ ಬಂದಾಗ ಸೀಟು ಹತ್ತಿ, ಬೆನ್ನು ನೆಟ್ಟಗೆ ಮಾಡಿಕೊಂಡ.

ಮುಚ್ಚಿದ ಬಾಗಿಲ ಹೊರಗೆ ಎಲ್ಲರೂ ಸೇರಿದ್ದರು. ಟೈಲರಮ್ಮ ವ್ಯಾನಿನ ಮೆಟ್ಟಿಲ ಮೇಲೆ ಕೂತು ಯಜಮಾನನ ಹತ್ತಿರ ಮಾತಾಡುತ್ತಿದ್ದಳು. ಶೆಡ್ಡಿನ ಸುದ್ದಿ ಅಡುಗೆಯವನಿಂದ ಅವಳ ಕಿವಿಗೂ ಬಿದ್ದಿತ್ತು. ಇಷ್ಟು ತಾಳ್ಮೆಯ ಮನುಷ್ಯನನ್ನು ತಾನು ಕಂಡಿಲ್ಲ, ಹೆತ್ತ ಮಗನೂ ಹೀಗೆ ನೋಡಿಕೊಳ್ಳುವುದಿಲ್ಲ, ಇವನನ್ನು ಹಿಂದಿನಿಂದ ತೆಗೆದರೆ ತಾನು ಮತ್ತೆ ಈ ಕಡೆ ತಲೆಹಾಕುವುದಿಲ್ಲ ಎಂದಳು. ಮುಂದಿನ ವರ್ಷ ಖಂಡಿತ ಬರುತ್ತೇನೆ, ಇವನಿದ್ದರೆ ಗಂಟೆ ಬಾರಿಸಿಯೇ ಬಾರಿಸುತ್ತೇನೆ ಎಂದೂ ಸೇರಿಸಿದಳು. ಕೇಳಿಸಿಕೊಂಡ ಸವಾರರು ಚಪ್ಪಾಳೆ ತಟ್ಟಿದರು. ಯಜಮಾನ ಮೀಸೆ ತಿರುವಿ ಪೊರಕೆಯ ಬೆನ್ನು ತಟ್ಟಿ, ನಿನ್ನ ಜಾಗ ನಿಂದೇ ಎಂದ. ಬಾಮೈದನ ಮುಖ ಸಣ್ಣದಾಯಿತು. ಪೊರಕೆ ತಲೆ ತಗ್ಗಿಸಿದ, ಜನ ಅದನ್ನು ವಿನಯ ಅಂದುಕೊಂಡರು.

ರಾತ್ರಿಯೇ ಅವರು ವ್ಯಾನಿನಲ್ಲಿ ಊರಿಗೆ ಮರಳಿದ್ದರು. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅವನು ಚಹಾಕ್ಕೆ ಕಾಯುತ್ತಾ ಕೂತಿದ್ದ. ಹೆಂಡತಿ ಚಹಾ ಇಳಿಸಿದಳು, ಪಾತ್ರೆ ಹಿಡಿದಿದ್ದ ಬಟ್ಟೆಯನ್ನು ಅವನ ಮುಂದೆ ಮೇಜಿನ ಮೇಲೆ ಹಾಕಿದಳು. ನಾಲ್ಕೂ ಅಂಚು ಹೊಲಿದ ಹಳದಿ ಕರವಸ್ತ್ರ. ಒಂದು ಮೂಲೆ ಸುಟ್ಟು ಕಪ್ಪಾಗಿತ್ತು.

“ಮೇಷ್ಟ್ರದ್ದು ಇದು. ಅವರು ಹೊರಡೋ ಹಿಂದಿನ ದಿನ ಟೈಲರಮ್ಮನೇ ಅಂಚು ಹೊಲಿದು ಕೊಟ್ಟಿದ್ರಂತೆ. ನೀವು ಕೊಟ್ಟಿದ್ದು ಅವರದ್ದಲ್ಲ ಅಂತ ಮುಟ್ಟಿದ ಕೂಡ್ಲೇ ಗೊತ್ತಾಯ್ತಂತೆ. ನನ್ನ ಮನಸ್ಸು ನೋಯಬಾರದು ಅಂತ ಸುಳ್ಳು ಹೇಳ್ದ, ಎಂಥ ದೊಡ್ಡ ಮನಸ್ಸು ನಿನ್ನ ಗಂಡನದ್ದು ಅಂತ ವ್ಯಾನಲ್ಲಿ ನನ್ನ ಕೈ ಹಿಡ್ಕೊಂಡು ಹೇಳಿದ್ರು. ಬ್ರೇಕ್ ನಾನು ಸಡಿಲ ಮಾಡ್ದೆ. ಅದನ್ನ ಅವರಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ.”

ಪೊರಕೆ ಚಹಾ ಮುಟ್ಟಲಿಲ್ಲ. ಕರವಸ್ತ್ರವನ್ನು ಎತ್ತಿ, ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದ. ಅವನ ಮುಖದಲ್ಲಿ ಏನೋ ಕದಲಿತು. ಅಳುತ್ತಾನೋ ಏನೋ ಎಂದು ಹೆಂಡತಿ ಅವನನ್ನೇ ನೋಡುತ್ತಾ ನಿಂತಳು. ಇಷ್ಟು ವರ್ಷ ಸಂಸಾರ ಮಾಡಿದರೂ ಅವಳಿಗೆ ಅಷ್ಟು ಆಸೆ ಉಳಿದಿತ್ತು.

“ಒಗೆದು ಎತ್ತಿಡು,” ಎಂದ ಅವನು. “ಮುಂದಿನ ವರ್ಷ ಬರ್ತಾರಲ್ಲ. ಮೊದಲನೇ ದಿನವೇ ಇದನ್ನ ಕೊಟ್ರೆ, ಆಮೇಲೆ ನಾನು ನಿಲ್ಲಿ ಅಂದ ಕಡೆಯೆಲ್ಲ ನಿಲ್ತಾರೆ.”

ಹೆಂಡತಿ ಅದನ್ನು ಮುಟ್ಟಲಿಲ್ಲ. ವ್ಯಾನಿನ ಬೀಗದಕೈಯನ್ನು ಸೊಂಟದಿಂದ ತೆಗೆದು ಅವನ ಲೋಟದ ಪಕ್ಕದಲ್ಲಿಟ್ಟು ಹಿತ್ತಲಿಗೆ ಹೋದಳು. ಪೊರಕೆ ಸ್ವಲ್ಪ ಹೊತ್ತು ಕಾದ. ಅವಳು ಒಳಗೆ ಬರಲಿಲ್ಲ. ಅವನೇ ಮೇಜು ಹಿಡಿದು ಎದ್ದು, ಕುಂಟಿಕೊಂಡು ನಲ್ಲಿಯ ಹತ್ತಿರ ಹೋಗಿ, ಕರವಸ್ತ್ರಕ್ಕೆ ಸೋಪು ಹಚ್ಚಿ ಒಗೆದು, ಹಿಂಡಿ, ಕಿಟಕಿಯ ಸರಳಿಗೆ ಹರವಿದ. ಮಸಿ ಪೂರ್ತಿ ಹೋಗಲಿಲ್ಲ. ಹೊಲಿಗೆ ಮಾತ್ರ ಎಲ್ಲಿಯೂ ಬಿಟ್ಟಿರಲಿಲ್ಲ.